ಕಾಣೆಯಾದ ಆರುನೂರು ಕಾವಲುಗಾರರು

"ಆರುನೂರು ಕಾಣೆ ಆಗಿದ್ದಾವೆ ಸಾರ್. ಒಂದೂ ಉಳಿದಿಲ್ಲ. ಬೇಗ ಬನ್ನಿ."

ಬೆಳಿಗ್ಗೆ ಎಂಟೂವರೆ. ಠಾಣೆಯ ಫೋನಿನಲ್ಲಿ ಒಬ್ಬ ಹೆಂಗಸಿನ ದನಿ. ನನ್ನ ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಬಂತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಬ್ಬರು ಕಾಣೆಯಾದದ್ದು ಕೇಳಿದ್ದೇನೆ, ಒಮ್ಮೆ ಮೂವರು. ಆರುನೂರು ಎಂದರೆ ಒಂದು ಶಾಲೆಯೇ ಆಯಿತಲ್ಲ!

"ಮಕ್ಕಳೇನಮ್ಮ?" ಎಂದೆ.

"ಮಕ್ಕಳ ಹಾಗೇ ಸಾಕಿದ್ದೆ. ಗುಲಗಂಜಿ ಹುಳುಗಳು."

ಫೋನು ಇಟ್ಟುಬಿಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು. ನಮ್ಮ ಇನ್ಸ್‌ಪೆಕ್ಟರ್ ಮೇಡಂ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಯಾಕಮ್ಮ ಎನ್ನುತ್ತೇವೆ. ದಿನಕ್ಕೆ ನೂರು ಸಲ 'ಯಾಕೆ' ಎಂದು ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಮೇಡಂ ಎರಡು ನಿಮಿಷ ಕೇಳಿಸಿಕೊಂಡರು. ಕಣ್ಣು ಅರಳಿತು.

"ದಫೇದಾರ್ರೇ, ಜೀಪು ತೆಗೀರಿ."

"ಹುಳಕ್ಕಾ ಮೇಡಂ?"

"ಹುಳ ಹೋದ್ರೆ ಯಾರಿಗೆ ಲಾಭ ಅಂತ ನೋಡೋಕೆ. ನಡೀರಿ."

*

ಊರಿನ ಅಂಚಿನಲ್ಲಿ ಬೀಜ ಸಂಶೋಧನೆಯ ತೋಟ. ಸಾಲಾಗಿ ಆರು ಗಾಜಿನ ಮನೆಗಳು. ನಾಲ್ಕನೆಯದರ ಬಾಗಿಲಲ್ಲಿ ಫೋನು ಮಾಡಿದ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು. ಕಾಲ ಬಳಿ ಪ್ರಯಾಣದ ಚೀಲ ಹಾಗೇ ಬಿದ್ದಿತ್ತು. ತೋಟದವರೆಲ್ಲ ಅವಳನ್ನು ಕರೆಯುವುದು ಹುಳದಕ್ಕ ಎಂದು. ಹದಿನೆಂಟು ವರ್ಷದಿಂದ ಅವಳ ಕೆಲಸ ಒಂದೇ, ಹುಳುಗಳನ್ನು ಸಾಕಿ ಗಾಜಿನ ಮನೆಗಳಿಗೆ ಬಿಡುವುದು.

"ಮಗಳ ಹೆರಿಗೆಗೆ ಅಂತ ಹೋಗಿದ್ದೆ ಮೇಡಂ. ಹನ್ನೆರಡು ದಿನ ರಜ. ಬಾಣಂತಿ ಚೆನ್ನಾಗಿದ್ದಾಳೆ, ಬೀಗಿತ್ತಿ ಬಂದ್ರು, ಎರಡು ದಿನ ಮುಂಚೆನೇ ಹೊರಟುಬಿಟ್ಟೆ. ಬಸ್ಸಿಳಿದು ನೇರ ಇಲ್ಲಿಗೇ ಬಂದೆ. ಬಾಗಿಲು ತೆಗೆದ್ರೆ ಹಿಂಗೆ."

ಒಳಗೆ ಹೋದೆವು. ಉದ್ದುದ್ದ ಮೇಜುಗಳ ಮೇಲೆ ನೂರಿಪ್ಪತ್ತು ಕುಂಡ, ಕುಂಡಕ್ಕೊಂದು ದೊಣ್ಣೆಮೆಣಸಿನ ಗಿಡ. ಎಲೆಗಳೆಲ್ಲ ಮುರುಟಿದ್ದವು. ಮುಟ್ಟಿದರೆ ಕೈಗೆ ಅಂಟು. ಎಲೆಯ ಅಡಿ ತಿರುಗಿಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಹಸಿರು ಹೇನುಗಳು, ಒಂದರ ಮೇಲೊಂದು, ಸೂಜಿ ತೂರಲೂ ಜಾಗವಿಲ್ಲದಂತೆ.

"ಇದು ಗಿಡಹೇನು," ಎಂದಳು ಹುಳದಕ್ಕ. "ಗಿಡದ ರಸ ಕುಡಿಯುತ್ತೆ. ಗಂಡು ಬೇಕಿಲ್ಲ, ಮೊಟ್ಟೆ ಬೇಕಿಲ್ಲ. ಮರಿಯಾಗಿ ಹುಟ್ಟುವಾಗಲೇ ಹೊಟ್ಟೆಯಲ್ಲಿ ಇನ್ನೊಂದು ಮರಿ ಇರುತ್ತೆ. ತಡೆಯೋರಿಲ್ಲ ಅಂದ್ರೆ ಹತ್ತು ದಿನದಲ್ಲಿ ಇಷ್ಟು."

"ತಡೆಯೋರು ಯಾರು?"

"ನನ್ನ ಗುಲಗಂಜಿಗಳು. ಕೆಂಪು ಬೆನ್ನು, ಕಪ್ಪು ಚುಕ್ಕೆ, ಇಷ್ಟೇ ಇಷ್ಟು. ಒಂದೊಂದು ದಿನಕ್ಕೆ ಐವತ್ತು ಹೇನು ತಿನ್ನುತ್ತೆ. ಗಿಡ ತಿನ್ನೋದು ಹೇನು, ಹೇನು ತಿನ್ನೋದು ಗುಲಗಂಜಿ. ಮೇಲಿನವರು ಇದ್ರೆ ಕೆಳಗಿನವರು ಬದುಕ್ತಾರೆ ಮೇಡಂ. ನೋಡೋರಿಗೆ ತಿನ್ನೋದೇ ಕಾಣುತ್ತೆ, ಕಾಯೋದು ಕಾಣಲ್ಲ. ನಾನು ಹೊರಡೋ ಹಿಂದಿನ ದಿನ ಆರುನೂರು ಬಿಟ್ಟಿದ್ದೆ. ಹತ್ತಕ್ಕೊಂದರ ಬೆನ್ನಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟು, ಲೆಕ್ಕ ಸಿಗ್ಲಿ ಅಂತ."

"ಬಿಟ್ಟಿದ್ದೆ ಅಂತ ಅವರು ಹೇಳ್ತಾರೆ," ಎಂದಿತು ಹಿಂದಿನಿಂದ ಒಂದು ಗಟ್ಟಿ ದನಿ.

ತೋಟದ ನಿರ್ದೇಶಕರು. ಹೊಳೆಯುವ ಬೂಟು, ಕೈಯಲ್ಲಿ ಕಾಗದ. "ಬಿಟ್ಟಿದ್ರೆ ಎಲ್ಲಿ? ಜೀವಂತ ಇಲ್ಲ, ಹೆಣಾನೂ ಇಲ್ಲ. ಬಿಡದೇ ಹೋಗಿದ್ದಾರೆ, ಈಗ ಕಥೆ ಕಟ್ತಿದ್ದಾರೆ. ಇನ್ಸ್‌ಪೆಕ್ಟರ್, ಪಕ್ಕದ ಮನೆಗಳಿಗೆ ಹೇನು ಹಬ್ಬಬಾರದು. ಸಾಯಂಕಾಲ ನಾಲ್ಕಕ್ಕೆ ಈ ಗಿಡಗಳನ್ನೆಲ್ಲ ಸುಡುವ ಗುಂಡಿಗೆ ಹಾಕಿಸ್ತೀನಿ. ಹುಳದ ಕೋಣೆ ಮುಚ್ಚೋ ಆದೇಶಾನೂ ಇದೇ. ನಾಳೆಯಿಂದ ಔಷಧಿ ಹೊಡೆಯೋದು."

ಹುಳದಕ್ಕನ ಮುಖ ಬೂದಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ನೆನಪಾಗಿ ನನಗೆ ಸಿಟ್ಟೇ ಬಂತು.

ಮೂಲೆಯಲ್ಲಿ ಒಬ್ಬ ಗಂಡಸು ಕುಂಡವೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದ. ಹೊಸ ತಳಿ ಬೆಳೆಸುವವನು. ಆಳುಗಳ ಬಾಯಲ್ಲಿ ಗಿಡದಣ್ಣ. ಹುಳದಕ್ಕನ ಒಡಹುಟ್ಟಿದ ತಮ್ಮ, ಎಂಟು ವರ್ಷಕ್ಕೆ ಚಿಕ್ಕವನು.

"ಹದಿನೇಳನೇ ನಂಬರು," ಎಂದ. "ಹನ್ನೊಂದು ವರ್ಷ ಮೇಡಂ. ಸೊರಗು ರೋಗ ಬಂದ್ರೂ ಸಾಯದ ಗಿಡ ಇದೊಂದೇ. ಮೂರು ಹಣ್ಣು ಬೀಜಕ್ಕೆ ಬಿಟ್ಟಿದ್ದೆ. ನೋಡಿ, ಮುರುಟಿಹೋಗಿದೆ. ಅಕ್ಕನ ಹುಳ ಇದಾವೆ ಅಂತ ನಂಬಿಕೊಂಡು ನಾನು ಏನೂ ಮಾಡ್ಲಿಲ್ಲ. ನಾನು ಗಿಡದವನು, ಹುಳದ ವಿಷಯ ನಂಗೆ ತಿಳಿಯಲ್ಲ."

ಆಮೇಲೆ ಎದ್ದು ಅಕ್ಕನ ಚೀಲ ಎತ್ತಿಕೊಂಡ. "ನೀನು ಇಲ್ಲಿ ನಿಲ್ಲಬೇಡ ಅಕ್ಕ. ನಮ್ಮನೆಗೆ ಹೋಗು. ನಿನ್ನ ನಾದಿನಿ ಅಡುಗೆ ಮಾಡಿದ್ದಾಳೆ, ಉಂಡು ಮಲಗು. ನಿನ್ನ ಮನೆ ಹತ್ತು ದಿನದಿಂದ ಬೀಗ ಹಾಕಿದೆ, ಧೂಳು."

ತನ್ನದೇ ಹನ್ನೊಂದು ವರ್ಷ ಮಣ್ಣುಪಾಲಾಗಿದ್ದರೂ ಅಕ್ಕನ ಊಟದ ಚಿಂತೆ! ಇಂಥ ತಮ್ಮ ನನಗೂ ಇರಬಾರದಿತ್ತೇ ಎನ್ನಿಸಿತು.

ಮೇಡಂ ಗಡಿಯಾರ ನೋಡಿಕೊಂಡರು. ಹತ್ತು ಗಂಟೆ.

"ಆರು ಗಂಟೆ ಸಮಯ ಇದೆ," ಎಂದರು. "ದೂರು ಈಗಲೇ ಬರೀಬೇಡಿ ಅಕ್ಕ. ಮೊದಲು ನೋಡೋಣ. ಈ ಮನೆಯ ಕೀಲಿ ಯಾರ ಯಾರ ಹತ್ರ ಇದೆ?"

"ನನ್ನ ಹತ್ರ. ನಾನು ಹೋದ ಮೇಲೆ ನಂದು ಕಚೇರಿಯ ಬೀರುವಿನಲ್ಲಿ, ನಿರ್ದೇಶಕರ ಕೈಯಲ್ಲಿ. ತಮ್ಮನ ಹತ್ರ ಒಂದು. ಬಟ್ಟಲು ತಾತನ ಹತ್ರ ಒಂದು, ಇವತ್ತು ಬಾಗಿಲು ತೆಗೆದದ್ದು ಅದರಲ್ಲೇ."

*

ಮೊದಲ ಸಂಶಯ ತಾನಾಗಿಯೇ ನಡೆದು ಬಂತು. ಗೇಟಿನ ಬಳಿ ಒಬ್ಬ ಮೋಟಾರ್ ಬೈಕ್ ನಿಲ್ಲಿಸಿಕೊಂಡಿದ್ದ. ಹಿಂದೆ ಡಬ್ಬಿಗಳ ಪೆಟ್ಟಿಗೆ. ಔಷಧಿ ಏಜೆಂಟ್.

"ನಿಮ್ಮ ಊರು ಯಾವುದು?" ಎಂದು ಮಾತ್ರ ಕೇಳಿದರು ಮೇಡಂ.

"ನಾನೇನೂ ಹೊಡೆದಿಲ್ಲ ಮೇಡಂ! ದೇವರಾಣೆ ಒಂದು ತೊಟ್ಟೂ ಹೊಡೆದಿಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಅವನ ಬೈಕಿನ ಕೀಲಿ ಕಿತ್ತುಕೊಂಡೆ. ಕೇಸು ಮುಗಿಯಿತು, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು ಎಂದು ಒಳಗೊಳಗೇ ಕುಣಿದೆ.

"ಇಷ್ಟು ಬೇಗ ಯಾಕೆ ಬಂದ್ರಿ?"

"ನಿರ್ದೇಶಕರು ಫೋನ್ ಮಾಡಿದ್ರು. ನಾಳೆಯಿಂದ ಔಷಧಿ ಬೇಕು ಅಂದ್ರು."

ಮೇಡಂ ನನ್ನ ಕೈಯಿಂದ ಕೀಲಿ ತೆಗೆದು ಅವನಿಗೇ ಕೊಟ್ಟರು. ನನಗೆ ಅಳು ಬಂತು.

"ಯಾಕೆ ಮೇಡಂ? ಇವನಿಗೇ ಅಲ್ವಾ ಲಾಭ? ಗುಲಗಂಜಿ ಸತ್ರೆ ಇವನ ಡಬ್ಬಿ ಖರ್ಚಾಗುತ್ತೆ!"

"ದಫೇದಾರ್ರೇ, ಒಳಗೆ ಬಾಗಿಲ ಮೇಲೆ ಏನಿತ್ತು?"

ನೆನಪಿತ್ತು. ತಲೆಗೆ ಬಲೆ ಸುತ್ತಿಕೊಂಡಿತ್ತು. "ಜೇಡ."

"ಜೀವಂತ ಜೇಡ. ವಿಷ ಹೊಡೆದಿದ್ರೆ ಜೇಡ ಸಾಯಬೇಕಿತ್ತು. ಎಲ್ಲಕ್ಕಿಂತ ಮೊದಲು ಹೇನು ಸಾಯಬೇಕಿತ್ತು. ಬರೀ ಗುಲಗಂಜಿ ಹುಡುಕಿ ಕೊಲ್ಲೋ ವಿಷ ಯಾವ ಡಬ್ಬಿಯಲ್ಲೂ ಇಲ್ಲ. ಇದು ವಿಷದ ಕೆಲಸ ಅಲ್ಲ, ತಲೆಯ ಕೆಲಸ."

*

ಮತ್ತೆ ಗಾಜಿನ ಮನೆ. ಈ ಸಲ ಮೇಡಂ ಗಿಡಗಳನ್ನು ಬಿಟ್ಟು ನೆಲದ ಮೇಲೆ ಮಂಡಿಯೂರಿ ಕುಳಿತರು.

ಪ್ರತಿ ಮೇಜಿನ ನಾಲ್ಕು ಕಾಲೂ ಒಂದೊಂದು ನೀರಿನ ಬಟ್ಟಲಿನಲ್ಲಿ ನಿಂತಿದ್ದವು.

"ಇದು ಯಾಕೆ?"

ಉತ್ತರ ಕೊಟ್ಟದ್ದು ಮುದುಕನೊಬ್ಬ. ಕೈಯಲ್ಲಿ ಉದ್ದ ಮೂತಿಯ ಹೂಜಿ. ದಿನಕ್ಕೆರಡು ಸಲ ಬಟ್ಟಲಿಗೆ ನೀರು ತುಂಬುವುದೇ ಅವನ ಕೆಲಸ. ಅದಕ್ಕೇ ಬಟ್ಟಲು ತಾತ.

"ಇರುವೆ ಹತ್ತಬಾರದು ಅಂತ ಕಣಮ್ಮ. ಒಂದು ದಿನಾನೂ ತಪ್ಪಿಸಿಲ್ಲ ನಾನು."

"ಹಾಗಾದ್ರೆ ಇದೇನು ತಾತ?" ಮೇಡಂ ಒಂದು ಎಲೆ ತಿರುಗಿಸಿದರು. ಹೇನುಗಳ ನಡುವೆ ಕಪ್ಪು ಇರುವೆಗಳು ಸಾಲುಗಟ್ಟಿ ಓಡಾಡುತ್ತಿದ್ದವು.

ತಾತನ ಕೈಯಿಂದ ಹೂಜಿ ಜಾರಿತು. ಹುಳದಕ್ಕ ಓಡಿ ಬಂದಳು. ಒಂದು ಕ್ಷಣ ನೋಡಿದಳು. ಅವಳ ದನಿಯೇ ಬದಲಾಯಿತು.

"ಅಯ್ಯೋ, ಹೇನಿನ ಕಾವಲಿಗೆ ಇರುವೆ ಬಿಟ್ಟಿದ್ದಾರೆ! ಮೇಡಂ, ಹೇನಿನ ಮೈಯಿಂದ ಸಿಹಿ ಅಂಟು ಬರುತ್ತೆ. ಇರುವೆಗೆ ಅದು ಬೇಕು. ಅದಕ್ಕೆ ಹೇನನ್ನ ಹಸು ಸಾಕಿದ ಹಾಗೆ ಸಾಕುತ್ತೆ. ಗುಲಗಂಜಿ ಹತ್ರ ಬಂದ್ರೆ ಕಚ್ಚಿ ಓಡಿಸುತ್ತೆ, ಅದರ ಮೊಟ್ಟೆ, ಮರಿ ಎಲ್ಲ ಹೊತ್ತು ಬಿಸಾಕುತ್ತೆ!"

"ಬಟ್ಟಲಲ್ಲಿ ನೀರಿದೆ. ಈಜಿ ಬಂದ್ವಾ?"

ಎಲ್ಲರ ಕಣ್ಣೂ ತಾತನ ಮೇಲೆ. ನಿರ್ದೇಶಕರಂತೂ "ಬಟ್ಟಲು ಒಣಗಿಸಿದ್ದೀಯಾ ಮುದುಕಾ?" ಎಂದು ಗುಡುಗಿದರು. ಮೇಡಂ ಒಂದು ಇರುವೆಯ ಹಿಂದೆ ಹೊರಟರು. ಕಣ್ಣಲ್ಲೇ. ಎಲೆಯಿಂದ ಕಾಂಡ. ಕಾಂಡದಿಂದ ಆಸರೆಯ ಕೋಲು. ಕೋಲಿನ ತುದಿಯಲ್ಲಿ ಒಂದು ಸೆಣಬಿನ ದಾರ. ದಾರ ಹೋದದ್ದು ಗೋಡೆಗೆ, ಒಂದು ಕಬ್ಬಿಣದ ಕೊಕ್ಕೆಗೆ. ದಾರದ ಮೇಲೆ ಇರುವೆಗಳ ಸಂತೆ. ಕೊಕ್ಕೆಯ ಕೆಳಗೆ ಗೋಡೆಯಲ್ಲೊಂದು ಬಿರುಕು, ಬಿರುಕಿನ ಬಾಯಲ್ಲಿ ಒಣಗಿದ ಸಕ್ಕರೆ ಪಾಕ.

"ಸೇತುವೆ!" ಎಂದು ನಾನು ಕೂಗಿಬಿಟ್ಟೆ. ನನ್ನ ಮೈಯೆಲ್ಲ ಜುಮ್ಮೆಂದಿತು, ಇರುವೆಯಿಂದಲ್ಲ.

ಅಂಥ ದಾರಗಳು ಐದು ಸಿಕ್ಕವು, ಮೇಜಿಗೊಂದು. ಮೇಡಂ ಕೊಕ್ಕೆಯ ಗಂಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾತನ ಕೈಗೆ ಒಂದು ತುಂಡು ದಾರ ಕೊಟ್ಟರು.

"ಈ ಕೊಕ್ಕೆಗೆ ಕಟ್ಟಿ ನೋಡೋಣ."

ತಾತ ಕಟ್ಟಿದ. ಮೂರು ಸುತ್ತು, ಹಲ್ಲಲ್ಲಿ ಕಚ್ಚಿ ಎಳೆದು ಒಂದು ಸಾಯುವ ಗಂಟು. ಕತ್ತರಿಸದೆ ಬಿಚ್ಚುವ ಹಾಗಿಲ್ಲ.

"ನೀವು ಅಕ್ಕ?"

ಹುಳದಕ್ಕ ದಾರವನ್ನು ಹಾಗೂ ಹೀಗೂ ತಿರುಗಿಸಿದಳು. "ನಂಗೆ ಗಂಟು ಬರಲ್ಲ ಮೇಡಂ. ನಮ್ಮ ಕೋಣೆಯಲ್ಲಿ ಎಲ್ಲಕ್ಕೂ ರಬ್ಬರ್ ಬ್ಯಾಂಡೇ."

ನಿರ್ದೇಶಕರ ಸರದಿ. ಅವರು ಕಟ್ಟಿದ್ದು ಕೈ ಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಹೊಳೆಯುವ ಬೂಟಿಗೆ ಲೇಸು ಯಾಕಿಲ್ಲ ಎಂದು ಆಗ ತಿಳಿಯಿತು.

"ಗಿಡದಣ್ಣ ಎಲ್ಲಿ?"

"ಅಕ್ಕನ ಚೀಲ ಮನೇಲಿಟ್ಟು ಬರ್ತೀನಿ ಅಂದ್ರು," ಎಂದ ತಾತ. ಮೇಡಂ ತಲೆಯಾಡಿಸಿದರು. ಗಂಟೆ ಹನ್ನೆರಡೂವರೆ. ಸುಡುವ ಗುಂಡಿಗೆ ಆಳುಗಳು ಸೌದೆ ಹಾಕುವ ಸದ್ದು ಕೇಳುತ್ತಿತ್ತು.

*

"ಇರುವೆ ಎಲ್ಲಾ ಗುಲಗಂಜೀನೂ ಕೊಂದಿದ್ರೆ ಹೆಣ ಇರಬೇಕಲ್ಲ ಅಕ್ಕ?"

ಹುಳದ ಕೋಣೆಯಲ್ಲಿದ್ದೆವು. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು, ಬಾಯಿಗೆ ಬಟ್ಟೆ, ಬಟ್ಟೆಗೆ ರಬ್ಬರ್ ಬ್ಯಾಂಡು. ನಾನು ಬಾಗಿಲಲ್ಲೇ ನಿಂತೆ. ಕಚ್ಚುವುದಿಲ್ಲ ಎಂದು ಹುಳದಕ್ಕ ಹೇಳಿದ್ದಳು, ಆದರೆ ಹುಳುಗಳು ಹೇಳಿರಲಿಲ್ಲ.

"ಇರಬೇಕು," ಎಂದಳು. "ಮೇಜಿನ ಕೆಳಗೆಲ್ಲ ಹುಡುಕಿದೆ. ಸಿಕ್ಕಿದ್ದು ಒಂಬತ್ತೇ ಹೆಣ. ಕಿಟಕಿಗೆಲ್ಲ ಬಲೆ ಇದೆ, ಹಾರಿ ಹೋಗೋಕೂ ಆಗಲ್ಲ."

"ಅಂದ್ರೆ ಮಿಕ್ಕಿದ್ದನ್ನ ಯಾರೋ ಹಿಡ್ಕೊಂಡು ಹೋಗಿದ್ದಾರೆ. ಜೀವಂತ. ಉಳಿದ ಮೊಟ್ಟೆ ಮರಿ ಮುಗಿಸೋಕೆ ಇರುವೆ ಕರೆಸಿದ್ದಾರೆ. ಗುಲಗಂಜಿ ಕದ್ದು ಏನು ಮಾಡ್ತಾರೆ?"

"ಮಾಡೋಕೇನಿದೆ? ಯಾವುದೋ ಗಿಡದ ಕಾವಲಿಗೆ ಬಿಡಬಹುದು."

ಮೇಡಂ ಕತ್ತು ಥಟ್ಟನೆ ತಿರುಗಿತು. "ಯಾಕೆ? ಔಷಧಿ ಹೊಡೆದ್ರೆ ಆಗಲ್ವಾ?"

"ಬೀಜದ ಹಣ್ಣಿಗೆ ಔಷಧಿ ತಾಗಬಾರದು ಅನ್ನೋದು ಇಲ್ಲಿನ ನಿಯಮ."

"ಹಿಡಿದ ಗುಲಗಂಜಿ ಒಂದೇ ಗಿಡದಲ್ಲಿ ಎಷ್ಟು ದಿನ ಇರುತ್ತೆ?"

"ಎರಡು ದಿನ. ಹೇನು ಖಾಲಿಯಾದ್ರೆ ಹಸಿವಿನಿಂದ ಸಾಯುತ್ತೆ, ಇಲ್ಲಾ ಒಂದನ್ನೊಂದು ತಿನ್ನುತ್ತೆ. ಬೇಟೆ ಪೂರಾ ಮುಗಿದ್ರೆ ಬೇಟೆಗಾರನೂ ಮುಗಿದ ಹಾಗೇ ಮೇಡಂ. ಅದಕ್ಕೇ ನಾನು ಬಾರ್ಲಿ ಇಡೋದು."

ಕಿಟಕಿಯ ಕೆಳಗೆ ಬಾರ್ಲಿ ಪೈರಿನ ಕುಂಡಗಳ ಸಾಲು. ಬಾರ್ಲಿಯ ತುಂಬ ಬೇರೆ ಜಾತಿಯ ಹೇನು. ಅವು ಮೆಣಸಿನ ಗಿಡ ಮುಟ್ಟುವುದಿಲ್ಲವಂತೆ. ಗುಲಗಂಜಿಗಳಿಗೆ ಹಸಿವಾದಾಗ ಇದೇ ಊಟ. ಹುಳದಕ್ಕ ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು.

"ಹನ್ನೆರಡಿತ್ತು. ಒಂಬತ್ತಿದೆ."

ಮೇಡಂ ಕೋಣೆಯಲ್ಲಿ ಎರಡು ಸುತ್ತು ಹಾಕಿದರು. ಅವರಿಗೆ ಕುಳಿತುಕೊಳ್ಳಲಾಗುತ್ತಿರಲಿಲ್ಲ, ನನಗೆ ನಿಲ್ಲಲಾಗುತ್ತಿರಲಿಲ್ಲ.

"ಒಬ್ಬ ಎಲ್ಲೋ ಒಂದು ಗಿಡ ಬಚ್ಚಿಟ್ಟಿದ್ದಾನೆ. ಅದಕ್ಕೆ ಹೇನು ಹತ್ತಬಾರದು ಅಂತ ಗುಲಗಂಜಿ ಒಯ್ದಿದ್ದಾನೆ. ಗುಲಗಂಜಿ ಸಾಯಬಾರದು ಅಂತ ಬಾರ್ಲಿ ಒಯ್ದಿದ್ದಾನೆ. ಇಷ್ಟೆಲ್ಲ ಮಾಡೋಷ್ಟು ಬೆಲೆ ಇರೋ ಗಿಡ ಈ ತೋಟದಲ್ಲಿ ಯಾವುದು?"

"ಹದಿನೇಳು," ಎಂದಳು ಹುಳದಕ್ಕ ಮೆಲ್ಲಗೆ. "ಆದ್ರೆ ಹದಿನೇಳು ಅಲ್ಲೇ ಇದೆಯಲ್ಲ ಮೇಡಂ?"

ಓಡಿದೆವು. ಹೌದು, ಓಡಿಯೇ ಹೋದೆವು. ಪ್ರತಿ ಕುಂಡದಲ್ಲೂ ನಂಬರಿನ ಕಡ್ಡಿ ಚುಚ್ಚಿತ್ತು. ಹದಿನಾರರ ಕಡ್ಡಿಯ ಬುಡದಲ್ಲಿ ಹಸಿರು ಪಾಚಿ ಹೆಪ್ಪುಗಟ್ಟಿತ್ತು. ಹದಿನೆಂಟರದೂ ಹಾಗೇ. ಹದಿನೇಳರ ಬುಡದಲ್ಲಿ ಪಾಚಿ ಒಡೆದು ಮಣ್ಣು ಸಡಿಲವಾಗಿತ್ತು. ಕಡ್ಡಿ ಹಳೆಯದು, ಚುಚ್ಚಿದ್ದು ಹೊಸದು.

"ಗಿಡ ಬದಲಾಗಿದೆ," ಎಂದರು ಮೇಡಂ. "ನಾಲ್ಕು ಗಂಟೆಗೆ ಸುಟ್ಟು ಬೂದಿ ಆದ್ಮೇಲೆ, ಹದಿನೇಳು ಸುಟ್ಟುಹೋಯ್ತು ಅಂತ ಊರೆಲ್ಲ ನಂಬುತ್ತೆ. ಕದ್ದಿದ್ದಾರೆ ಅಂತ ಯಾರೂ ಹುಡುಕಲ್ಲ. ಅಕ್ಕ, ನಿಮ್ಮ ಗುಲಗಂಜಿಗಳನ್ನ ಕದ್ದಿದ್ದು ಇದಕ್ಕೇ. ಬೇಟೆಗಾರ ಹೋದ, ಹೇನು ಹೆಚ್ಚಿತು, ಗಿಡ ಸುಡೋ ಆದೇಶ ತಾನಾಗೇ ಬಂತು."

ಗಂಟೆ ಎರಡೂವರೆ.

"ನೀವು ರಜದಲ್ಲಿದ್ದಾಗ ನಿಮ್ಮ ಮನೆಗೆ ಯಾರಾದ್ರೂ ಹೋಗ್ತಿದ್ರಾ ಅಕ್ಕ?"

"ತಮ್ಮ. ಬಾಲ್ಕನಿಯ ಹೂಗಿಡಕ್ಕೆ ನೀರು ಹಾಕ್ತೀನಿ ಅಂತ ಕೀಲಿ ಇಸ್ಕೊಂಡಿದ್ದ. ಯಾಕೆ ಮೇಡಂ?"

ಯಾಕಮ್ಮನಿಗೇ 'ಯಾಕೆ' ಎಂದು ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. ಮೇಡಂ ಜೀಪಿನ ಕಡೆ ಹೊರಟರು.

*

ಜೀಪಿನಲ್ಲಿ ಐವರು. ಮೇಡಂ, ನಾನು, ನಿರ್ದೇಶಕರು, ಹುಳದಕ್ಕ, ಮತ್ತೆ ಗೇಟಿನಲ್ಲಿ ಸಿಕ್ಕ ಗಿಡದಣ್ಣ. "ಅಕ್ಕನ ಮನೆಗೆ ಈಗ್ಯಾಕೆ ಮೇಡಂ? ಅವಳಿಗೆ ನಿದ್ದೆ ಇಲ್ಲ, ಊಟ ಇಲ್ಲ. ನಮ್ಮನೆಗೇ ಹೋಗೋಣ," ಎಂದು ದಾರಿಯುದ್ದಕ್ಕೂ ಹೇಳಿದ.

ಎರಡನೇ ಮಹಡಿ. ಬಾಗಿಲ ಮುಂದೆ ಅಕ್ಕ ಕೈ ಚಾಚಿದಳು. "ಕೀಲಿ ಕೊಡೋ."

ಅವನು ಬಲ ಜೇಬು ತಡಕಿದ. ಎಡ ಜೇಬು ತಡಕಿದ. ಮತ್ತೆ ಬಲ ಜೇಬು. "ಮನೇಲಿ ಬಿಟ್ಟೆ ಅನ್ಸುತ್ತೆ."

ಮೇಡಂ ಸುಮ್ಮನೆ ತಮ್ಮ ಕೈ ಚಾಚಿದರು. ಕೀಲಿ ಎಡ ಜೇಬಿನಲ್ಲೇ ಇತ್ತು.

ಬಾಲ್ಕನಿಯಲ್ಲಿ ಬಿಸಿಲು ತುಂಬಿತ್ತು. ಹೂಕುಂಡಗಳ ನಡುವೆ ಬಿಳಿ ಬಲೆಯ ಸಣ್ಣ ಗುಡಾರ. ಒಳಗೆ ಮೂರು ಬಾರ್ಲಿ ಕುಂಡ. ನಡುವೆ ಒಂದು ದೊಣ್ಣೆಮೆಣಸಿನ ಗಿಡ, ಎಲೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಕೆಂಪಗಿನ ಮೂರು ಹಣ್ಣು. ಗಿಡದ ತುಂಬ ಗುಲಗಂಜಿಗಳು. ಅಲ್ಲೊಂದು ಇಲ್ಲೊಂದರ ಬೆನ್ನಿಗೆ ಹಳದಿ ಚುಕ್ಕೆ.

"ಬದುಕಿದ್ದಾವೆ!" ಹುಳದಕ್ಕ ಮಗುವಿನ ಹಾಗೆ ಕೂಗಿದಳು. ನಾನೂ ಕೂಗಿದೆ. ನನಗೂ ಅವಕ್ಕೂ ಏನು ನಂಟು ಎಂದು ಕೇಳಬೇಡಿ.

ನಿರ್ದೇಶಕರು ಚಪ್ಪಾಳೆ ತಟ್ಟಿದರು, ಬೇರೆ ಅರ್ಥದಲ್ಲಿ. "ಭಲೇ! ಕಳ್ಳಿಯ ಮನೆಯಲ್ಲೇ ಮಾಲು ಸಿಕ್ತು. ಹುಳ ಇವಳದು, ಬಾರ್ಲಿ ಇವಳದು, ಮನೆ ಇವಳದು. ಇನ್ನೇನು ಬೇಕು ಇನ್ಸ್‌ಪೆಕ್ಟರ್?"

ಹುಳದಕ್ಕನ ನಗು ಅಲ್ಲೇ ಸತ್ತಿತು. ಅವಳು ತಮ್ಮನ ಕಡೆ ನೋಡಿದಳು. ತಮ್ಮ ನೆಲ ನೋಡಿದ.

"ಎರಡೇ ಮಾತು," ಎಂದರು ಮೇಡಂ. ಗುಡಾರದೊಳಗೆ ಕೈ ಹಾಕಿ ಕುಂಡದ ಮಣ್ಣು ಮುಟ್ಟಿ ಬೆರಳು ತೋರಿಸಿದರು. "ಮಣ್ಣು ಹಸಿಯಾಗಿದೆ. ಇವತ್ತು ಬೆಳಿಗ್ಗೆ ನೀರು ಬಿದ್ದಿದೆ. ಹತ್ತು ದಿನವೂ ಬಿದ್ದಿದೆ, ಇಲ್ಲದಿದ್ರೆ ಈ ಬಿಸಿಲಿಗೆ ಗಿಡ ಸೌದೆ ಆಗಿರೋದು. ಅಕ್ಕ ಆಸ್ಪತ್ರೆಯಲ್ಲಿ ಮಗಳ ಹಾಸಿಗೆ ಪಕ್ಕ ಇದ್ರು. ಕೀಲಿ ಇದ್ದದ್ದು ಒಬ್ಬನ ಹತ್ರ."

"ಎರಡನೇದು?" ನಿರ್ದೇಶಕರ ದನಿ ಇಳಿದಿತ್ತು.

"ಗಂಟು. ನೋಡಿ, ಈ ಗಿಡವನ್ನ ಕೋಲಿಗೆ ಹೇಗೆ ಕಟ್ಟಿದ್ದಾನೆ. ಇಂಗ್ಲಿಷ್ ಎಂಟರ ಆಕಾರ, ನಡುವೆ ಒಂದು ಬೆರಳು ತೂರೋಷ್ಟು ಜಾಗ. ಯಾಕೆ ಗಿಡದಣ್ಣ?"

ಅವನು ಮೆಲ್ಲಗೆ ಹೇಳಿದ. "ಕಾಂಡ ದಪ್ಪ ಆಗುತ್ತೆ. ಬಿಗಿಯಾಗಿ ಕಟ್ಟಿದ್ರೆ ಉಸಿರು ಕಟ್ಟುತ್ತೆ."

"ಸರಿ. ಗಾಜಿನ ಮನೆಯ ಇರುವೆ ದಾರವನ್ನೂ ಕೊಕ್ಕೆಗೆ ಹೀಗೇ ಕಟ್ಟಿತ್ತು. ಎಂಟರ ಆಕಾರ, ಬೆರಳು ತೂರೋಷ್ಟು ಜಾಗ. ಐದು ಕಡೆಯೂ. ಕಬ್ಬಿಣದ ಕೊಕ್ಕೆ ದಪ್ಪ ಆಗುತ್ತಾ ಗಿಡದಣ್ಣ?"

ನನಗೆ ನಗುವೂ ಬಂತು, ಮೈ ನವಿರೂ ಎದ್ದಿತು. ಇಪ್ಪತ್ತು ವರ್ಷ ಗಿಡ ಕಟ್ಟಿದ ಕೈ, ಕಬ್ಬಿಣಕ್ಕೂ ಬೆಳೆಯಲು ಜಾಗ ಬಿಟ್ಟಿತ್ತು! ನಾಲ್ಕನೇ ಮನೆಯ ಕೀಲಿ ಇದ್ದವರಲ್ಲಿ ಅಂಥ ಗಂಟು ಹಾಕುವವನು ಅವನೊಬ್ಬನೇ.

"ಬೆಳಿಗ್ಗೆಯಿಂದ ಅಕ್ಕನನ್ನ ನಿಮ್ಮನೆಗೆ ಕರೀತಿದ್ರಲ್ಲ, ಅದು ಊಟಕ್ಕಲ್ಲ. ಅವರು ಎರಡು ದಿನ ಮುಂಚೆ ಬಂದುಬಿಟ್ರು. ಹಗಲಲ್ಲಿ ನೆರೆಯವರ ಕಣ್ಣೆದುರು ಗಿಡ ಇಳಿಸೋ ಹಾಗಿರಲಿಲ್ಲ, ರಾತ್ರಿ ಆಗೋವರೆಗೆ ಅಕ್ಕ ಇಲ್ಲಿಗೆ ಬರಬಾರದಿತ್ತು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವನಂಥ ತಮ್ಮ ಬೇಕೆಂದಿದ್ದ ನನ್ನ ಬಾಯಿಗೆ ಮಣ್ಣು ಹಾಕಬೇಕು.

"ಹೌದು, ನಾನೇ ಕಾರಿನಲ್ಲಿ ತಂದಿಟ್ಟೆ!" ಅವನು ಥಟ್ಟನೆ ತಲೆಯೆತ್ತಿದ. ಬೆರಳು ನಿರ್ದೇಶಕರ ಕಡೆ. "ಇವರನ್ನ ಕೇಳಿ, ಹೊಸ ತಳಿ ನೋಂದಣಿ ಅರ್ಜಿಯಲ್ಲಿ ಯಾರ ಹೆಸರು ಬರೆದಿದ್ದಾರೆ ಅಂತ. ಕಂಡುಹಿಡಿದವರು, ನಿರ್ದೇಶಕರು! ನನ್ನ ಹೆಸರು ಸಹಾಯಕರ ಪಟ್ಟೀಲಿ, ಏಳನೇದು. ಹನ್ನೊಂದು ವರ್ಷ ಬೆಳೆಸಿದ್ದು ನಾನು. ಇಲ್ಲಿ ಸುಟ್ಟುಹೋಯ್ತು ಅಂತಾದ್ರೆ, ಬೇರೆ ಕಡೆ ನನ್ನ ಹೆಸರಲ್ಲಿ ಬೆಳೀಬಹುದಿತ್ತು."

"ನನ್ನ ಕೋಣೆ ಮುಚ್ಚುತ್ತೆ ಅಂತ ಗೊತ್ತಿತ್ತಾ ನಿಂಗೆ?" ಹುಳದಕ್ಕ ಕೇಳಿದಳು.

"ಬರೀ ಬೈತಾರೆ ಅಂದ್ಕೊಂಡಿದ್ದೆ. ಹುಳ ಮತ್ತೆ ಸಾಕಬಹುದು ಅಕ್ಕ. ಆಣೆ ಮಾಡ್ತೀನಿ, ಮುಚ್ಚುತ್ತಾರೆ ಅಂತ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ."

"ಬೆಳಿಗ್ಗೆ ಹೋಗಿ ಮಧ್ಯಾಹ್ನ ಮೂರು ಗಂಟೆ ಆಯ್ತು ಕಣೋ," ಎಂದಳು ಅವಳು. "ಅಷ್ಟೂ ಹೊತ್ತು ನೀನು ಬಾಯಿ ಬಿಡಲಿಲ್ಲ."

*

ಮೂರೂ ಇಪ್ಪತ್ತು. ನಿರ್ದೇಶಕರು ಫೋನು ಮಾಡಿ ಬೆಂಕಿ ಹಚ್ಚುವುದನ್ನು ತಡೆದರು. ಆಮೇಲೆ ಕರ್ಚೀಫಿನಿಂದ ಹಣೆ ಒರೆಸಿಕೊಂಡು, ಬೆಣ್ಣೆಯಂಥ ದನಿ ತೆಗೆದರು.

"ಗಿಡ ಸಿಕ್ತಲ್ಲ. ಇನ್ನು ದೂರು ಗೀರು ಬೇಡ. ಪೇಪರಿನವರ ಬಾಯಿಗೆ ಬೀಳೋದು ಯಾಕೆ? ಹುಳುಗಳು ಕೆಲಸ ಮಾಡಲಿಲ್ಲ ಅಂತ ವರದಿ ಬರೆದು ಮುಗಿಸೋಣ. ಮನೆ ವಿಷಯ ಮನೆಯಲ್ಲೇ ಇರ್ಲಿ. ನಿಮ್ಮ ತಮ್ಮನೂ ಉಳೀತಾನೆ."

"ಮತ್ತೆ ಹುಳದ ಕೋಣೆ?" ಎಂದರು ಮೇಡಂ.

"ಹುಳುಗಳು ಸೋತ್ವು ಅಂದ್ಮೇಲೆ ಮುಚ್ಚಲೇಬೇಕಲ್ಲ."

ಮೇಡಂ ಹುಳದಕ್ಕನ ಕಡೆ ತಿರುಗಿದರು. ಆ ಮುಖದಲ್ಲಿ ಅಷ್ಟು ಮೆತ್ತಗಿನ ಭಾವ ನಾನು ಹಿಂದೆ ನೋಡಿರಲಿಲ್ಲ. "ಅಕ್ಕ, ಇದು ನಿಮ್ಮ ಕೈಯಲ್ಲಿದೆ. ನೀವು ದೂರು ಬರೆದ್ರೆ ಕೇಸು. ಬರೀದಿದ್ರೆ ನಾನು ಜೀಪು ಹತ್ತಿ ಹೋಗ್ತೀನಿ."

"ಅಕ್ಕ..." ಎಂದ ಅವನು. ಅಷ್ಟೇ.

ಹುಳದಕ್ಕ ಬಾಲ್ಕನಿಯ ಗುಡಾರದ ಮುಂದೆ ಬಗ್ಗಿ ಗುಲಗಂಜಿಗಳನ್ನು ನೋಡಿದಳು. ಕಣ್ಣು ಒಣಗಿತ್ತು. ಆಮೇಲೆ ಬಂದು ಊಟದ ಮೇಜಿನ ಮುಂದೆ ಕುಳಿತಳು.

"ಪೆನ್ನು ಕೊಡಿ."

ನಾನು ಕೊಟ್ಟೆ. ಅವಳು ಬರೆದಳು. ಒಂದು ಸಾಲೂ ಹೊಡೆದುಹಾಕಲಿಲ್ಲ. ಸಹಿ ಮಾಡಿ ಕಾಗದವನ್ನು ಮೇಡಂ ಕಡೆ ಸರಿಸಿದಳು.

"ನನ್ನ ಹುಳುಗಳು ಸೋತಿಲ್ಲ ಅಂತ ಮೊದಲನೇ ಸಾಲಲ್ಲೇ ಬರೆದಿದ್ದೀನಿ," ಎಂದಳು. ನಿರ್ದೇಶಕರ ಕಡೆ ನೋಡಿದಳು. "ಕೊನೇ ಸಾಲು ನಿಮಗೆ. ಆ ಅರ್ಜೀಲಿ ಇವನ ಹೆಸರೇ ಇರಬೇಕು. ಗಿಡ ಕದ್ದೋನು ಇವನೇ, ಬೆಳೆಸಿದೋನೂ ಇವನೇ. ಎರಡೂ ಬರ್ಕೊಳ್ಳಿ. ಇಲ್ಲಾಂದ್ರೆ ಇನ್ನೊಂದು ದೂರು ಬರೀತೀನಿ, ನಿಮ್ಮ ಮೇಲೆ."

ನಿರ್ದೇಶಕರು ಹುಳದ ಕೋಣೆ ಮುಚ್ಚುವ ಆದೇಶವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಮೇಡಂ ಅದನ್ನು ಅವರ ಜೇಬಿನಿಂದ ತೆಗೆಸಿ, ಹರಿದು ಹಾಕಿಸಿದ ಮೇಲೆಯೇ ಬಿಟ್ಟರು.

ಕೆಳಗೆ ಜೀಪಿನ ಬಾಗಿಲು ತೆಗೆದೆ. ಗಿಡದಣ್ಣ ಒಂದು ಕಾಲು ಮೇಲಿಟ್ಟು ನಿಂತ. ಅಕ್ಕನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ, ಜೀಪಿನ ಚಕ್ರ ನೋಡುತ್ತ ಮಾತಾಡಿದ.

"ಅಕ್ಕ, ಹಣ್ಣು ಕೆಂಪಗಾಗಿದೆ ಅಂತ ಈಗಲೇ ಕೀಳೋಕೆ ಬಿಡಬೇಡ. ಇನ್ನೂ ನಾಲ್ಕು ದಿನ ಗಿಡದಲ್ಲೇ ಇರಬೇಕು. ಬೀಜ ಬಲೀಬೇಕು."

"ನಾಲ್ಕಲ್ಲ, ಐದು ದಿನ ಬಿಡ್ತೀನಿ," ಎಂದಳು ಹುಳದಕ್ಕ. ಆಗ ಮಾತ್ರ ಅವಳ ಕಣ್ಣು ತುಂಬಿತು. "ನೀನು ಹತ್ತು."

ಅವನು ಹತ್ತಿದ. ನಾನು ಗಾಡಿ ಶುರು ಮಾಡಿದೆ.